ಪಿಯೋನಿ ಗೆಡ್ಡೆ ಹಾಕಿ ಎರಡು ವರ್ಷ ಆಯ್ತು, ಹೂವೇ ಇಲ್ಲ. ಈಗ ಎಲೆಯೂ ಇಲ್ಲ!

ಗೋಣಿಬೀಡು ಅಕ್ಕ (ಆಗಸ್ಟ್ 4)
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕು, ತೋಟದ ಮನೆ. ಮಗಳು ಹಾಲೆಂಡಿನಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಹೋಗಿದ್ದಾಗ ಮೇ ತಿಂಗಳಲ್ಲಿ ಅಲ್ಲಿನ ಸಂತೆ ತುಂಬ ಪಿಯೋನಿ ಹೂ. ಒಂದೊಂದೂ ಸಾರಿನ ಬಟ್ಟಲಷ್ಟು ದಪ್ಪ. ಪದರದ ಮೇಲೆ ಪದರ, ಮೆಲುವಾದ ಪರಿಮಳ. ಅವತ್ತೇ ತಲೆಯಲ್ಲಿ ಹುಳ ಹೊಕ್ಕಿತು.

ವಾಪಸ್ ಬಂದವಳು ಹಿಮಾಚಲದ ಒಂದು ನರ್ಸರಿಯಿಂದ ಎರಡು ಗೆಡ್ಡೆ ಕೊರಿಯರ್‌ನಲ್ಲಿ ತರಿಸಿದೆ. ಹೋದ ವರ್ಷದ ಹಿಂದಿನ ನವೆಂಬರ್‌ನಲ್ಲಿ ಕುಂಡಕ್ಕೆ ಹಾಕಿದ್ದು. ಫೆಬ್ರವರಿಯಲ್ಲಿ ಕೆಂಪು ಕೆಂಪು ಮೊಳಕೆ ಬಂತು, ಒಂದು ಗೇಣು ಎತ್ತರ ಎಲೆ ಆಯ್ತು, ಅಷ್ಟೇ. ಈ ವರ್ಷವೂ ಅದೇ ಕಥೆ, ಇನ್ನೂ ಸಣ್ಣಗೆ. ಜುಲೈ ಮಳೆಗೆ ಎಲೆ ಮೇಲೆ ಕಪ್ಪು ಕಲೆ ಬಿದ್ದು ದಂಟು ಬುಡದಿಂದಲೇ ಕೊಳೆತು ಮಲಗಿತು. ಈಗ ಕುಂಡದಲ್ಲಿ ಬರೀ ಮಣ್ಣು.

ಪಕ್ಕದಲ್ಲೇ ನಮ್ಮತ್ತೆಯ ಡೇರೆ (ಡೇಲಿಯಾ) ಗಿಡ ಮೈತುಂಬ ಹೂ ಬಿಟ್ಟು ನಿಂತಿದೆ. ಅತ್ತೆ ದಿನಾ ಹೂ ಕೊಯ್ಯುವಾಗ ನನ್ನ ಕುಂಡದ ಕಡೆ ಒಂದು ಸಲ ನೋಡುತ್ತಾರೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಅದೇ ಕಷ್ಟ.

ಗೆಡ್ಡೆ ಸತ್ತಿದೆಯಾ? ಇಲ್ಲಿ ಯಾರಾದರೂ ಪಿಯೋನಿ ಹೂ ಬಿಡಿಸಿದ್ದೀರಾ?

ಮೆಣಸಿನ ಬಳ್ಳಿ
ಅಕ್ಕ, ಗೊಬ್ಬರ ಏನು ಹಾಕಿದ್ರಿ? ಒಂದು ಹಿಡಿ ಡಿಎಪಿ ಹಾಕಿ ನೋಡಿ.

ಸಕಲೇಶಪುರ ಮಂಜು
ಇದು ಗೊಬ್ಬರದ ವಿಷಯ ಅಲ್ಲ ಮಾರಾಯ್ರೆ, ಚಳಿಯ ವಿಷಯ. ಪಿಯೋನಿ ಶೀತದೇಶದ ಗಿಡ. ತೋಟದಲ್ಲಿ ಬೆಳೆಸುವ ಸಾಮಾನ್ಯ ಜಾತಿಯ ಮೂಲ ಚೀನಾ, ಸೈಬೀರಿಯಾ ಕಡೆ. ಚಳಿಗಾಲದಲ್ಲಿ ಮೇಲಿನದೆಲ್ಲ ಒಣಗಿ ಗೆಡ್ಡೆ ಮಲಗಬೇಕು. ನಾಲ್ಕೈದು ಡಿಗ್ರಿಗಿಂತ ಕೆಳಗಿನ ಚಳಿ ಅದಕ್ಕೆ 500ರಿಂದ 1000 ಗಂಟೆ ಬೇಕು. ತಳಿಯಿಂದ ತಳಿಗೆ ಲೆಕ್ಕ ಸ್ವಲ್ಪ ಬೇರೆ. ಅಷ್ಟು ಚಳಿ ಕಂಡರೆ ಮಾತ್ರ ಹೂವಿನ ಮೊಗ್ಗು ಎಚ್ಚರ ಆಗುತ್ತದೆ. ಅರ್ಧಂಬರ್ಧ ಚಳಿ ಸಿಕ್ಕರೆ ನಿಮಗೆ ಆದ ಹಾಗೆ ಎಲೆ ಬರುತ್ತದೆ, ಹೂ ಬರುವುದಿಲ್ಲ.

ಲೆಕ್ಕ ಹಾಕಿ: 1000 ಗಂಟೆ ಅಂದರೆ ಹಗಲೂ ರಾತ್ರಿ ಸೇರಿ ಸುಮಾರು 42 ದಿನ. ನಮ್ಮಲ್ಲಿ ಜನವರಿ ಬೆಳಗ್ಗೆ ಹತ್ತು ಹನ್ನೆರಡು ಡಿಗ್ರಿಗೆ ಇಳಿದರೆ ಹೊದಿಕೆ ಬಿಟ್ಟು ಏಳುವುದಿಲ್ಲ. ಹತ್ತು ಗಂಟೆಗೆ ಸ್ವೆಟರ್ ತೆಗೆಯುತ್ತೇವೆ. ಗೆಡ್ಡೆಗೆ ಅದು ಚಳಿಗಾಲವೇ ಅಲ್ಲ.

ಬೇಲೂರು ಬಸ್
ಮುಳ್ಳಯ್ಯನಗಿರಿ ತುದಿಯಲ್ಲಿ ನೆಟ್ಟರೆ?

ಸಕಲೇಶಪುರ ಮಂಜು
1,930 ಮೀಟರ್ ಎತ್ತರ ನಿಜ. ಆದರೆ ಅಲ್ಲೂ ವಾರಗಟ್ಟಲೆ ನಾಲ್ಕು ಡಿಗ್ರಿ ಇರುವುದಿಲ್ಲ. ಮತ್ತೆ ಅಲ್ಲಿ ನೆಟ್ಟರೆ ವೀಕೆಂಡ್ ಪ್ರವಾಸಿಗರು ಸೆಲ್ಫಿಗೆ ಕಿತ್ತುಕೊಂಡು ಹೋಗುತ್ತಾರೆ.

ಬೇಲೂರು ಬಸ್
ಹೂವೂ ಬೇಡ, ಗಾಡಿ ನಿಲ್ಲಿಸಲು ಜಾಗ ಸಿಕ್ಕರೆ ಸಾಕು ಅಲ್ಲಿ.

ತೋಟದ ಮನೆ ಹುಡುಗ
ಯಾರು ಹೇಳಿದ್ದು ಇಲ್ಲಿ ಬರಲ್ಲ ಅಂತ? ನಮ್ಮ ಎಸ್ಟೇಟಿನ ಹಳೇ ಬಂಗಲೆ ಹಿಂದೆ ಒಂದು ಪಿಯೋನಿ ಮರ ಇದೆ. ಬ್ರಿಟಿಷರ ಕಾಲದ್ದು ಅಂತ ತಾತ ಹೇಳುತ್ತಿದ್ದರು. ಗುಲಾಬಿ ಬಣ್ಣ, ಮುದ್ದೆ ಮುದ್ದೆ ಹೂ. ಫೋಟೋ ಹಾಕಿದ್ದೀನಿ ನೋಡಿ.

ಎಲೆಚುಕ್ಕಿ
ತಮ್ಮಾ, ಇದು ಬೆಳಿಗ್ಗೆ ಬಿಳಿ, ಸಂಜೆ ಹೊತ್ತಿಗೆ ಕೆಂಪು ಆಗುತ್ತದಾ?

ತೋಟದ ಮನೆ ಹುಡುಗ
ಹೌದು! ಅದೇ ಅದರ ವಿಶೇಷ.

ಎಲೆಚುಕ್ಕಿ
ಅದು ದಾಸವಾಳದ ಜಾತಿ. ನಮ್ಮ ಕಡೆ ಬೆಟ್ಟದಾವರೆ ಅಂತಾರೆ. ಎಲೆ ಹತ್ತಿ ಗಿಡದ ಎಲೆ ಥರ ಅಗಲ, ಮುಟ್ಟಿದರೆ ಒರಟು. ಪಿಯೋನಿ ಎಲೆ ನುಣುಪು, ಬೆರಳು ಬೆರಳಾಗಿ ಸೀಳಿರುತ್ತದೆ. ಅಕ್ಕ ಹೇಳುತ್ತಿರುವುದು ಮರವೂ ಅಲ್ಲ. ನಮ್ಮ ಸುವರ್ಣಗೆಡ್ಡೆ, ಅರಿಶಿನದ ಹಾಗೆ. ವರ್ಷಕ್ಕೊಮ್ಮೆ ಮೇಲೆ ಸತ್ತು, ಕೆಳಗಿನಿಂದ ಮತ್ತೆ ಹುಟ್ಟುವ ಗಿಡ. ಮರದ ಥರ ಕಡ್ಡಿ ಉಳಿಯುವ ಪಿಯೋನಿ ಬೇರೆ ಇದೆ, ಚೀನಾದ ಲುಓಯಾಂಗ್ ಊರು ಅದಕ್ಕೆ ಹೆಸರುವಾಸಿ. ನಿಮ್ಮದು ಎರಡೂ ಅಲ್ಲ.

ತೋಟದ ಮನೆ ಹುಡುಗ
ತಾತ ಈಗಿಲ್ಲ, ಇದ್ದಿದ್ದರೆ ನಿಮ್ಮ ಜೊತೆ ಜಗಳಕ್ಕೆ ಬರುತ್ತಿದ್ದರು.

ರಿಟೈರ್ಡ್ ಫೌಜಿ, ಅರಸೀಕೆರೆ
ನಾನು ಕಣ್ಣಾರೆ ಕಾಡು ಪಿಯೋನಿ ನೋಡಿದ್ದೇನೆ. ಕಾಶ್ಮೀರದಿಂದ ಉತ್ತರಾಖಂಡದವರೆಗೆ ಹಿಮಾಲಯದಲ್ಲಿ ನಮ್ಮದೇ ದೇಶದ ಒಂದು ಜಾತಿ ಇದೆ. ಒಂಟಿ ಪದರದ ಬಿಳಿ ಹೂ, ನಡುವೆ ಹಳದಿ ಕೇಸರ. ಹಿಮ ಕರಗಿದ ಮೇಲೆ ಮೊಳಕೆ ಬರುತ್ತದೆ. ಎಳೆ ಚಿಗುರನ್ನು ಅಲ್ಲಿನವರು ಸೊಪ್ಪಿನ ಹಾಗೆ ಬೇಯಿಸಿ ಪಲ್ಯ ಮಾಡುತ್ತಾರೆ. ಪೋಸ್ಟಿಂಗ್‌ನಲ್ಲಿದ್ದಾಗ ಒಂದು ಮನೆಯಲ್ಲಿ ತಿಂದಿದ್ದೇನೆ. ನಮ್ಮ ಕೆಸುವಿನ ಸೊಪ್ಪಿನ ಮುಂದೆ ಏನೂ ಅಲ್ಲ.

ಒಂದು ಮಾತು ನೆನಪಿರಲಿ. ಆ ಗಿಡ ಅಲ್ಲಿ ನಾಲ್ಕು ತಿಂಗಳು ಹಿಮದ ಕೆಳಗೆ ಮಲಗಿರುತ್ತದೆ. ಅದನ್ನು ತಂದು ಗೋಣಿಬೀಡಿನಲ್ಲಿ ಇಟ್ಟರೆ ಅದಕ್ಕೆ ನಿದ್ದೆ ಎಲ್ಲಿಂದ ಬರಬೇಕು?

ಮೂವತ್ತು ನಲವತ್ತು ಸೈಟು
ಹಾಸನದಿಂದ. ನಾನೂ ಮೋಸ ಹೋದವನೇ. ಆನ್‌ಲೈನ್‌ನಲ್ಲಿ ನೀಲಿ ಪಿಯೋನಿ ಬೀಜ, 20 ಬೀಜಕ್ಕೆ 199 ರೂಪಾಯಿ. ಬಂದದ್ದು ಸಾಸಿವೆಯಷ್ಟು ಸಣ್ಣ ಬೀಜ. ಮೂರು ತಿಂಗಳು ನೀರು ಹಾಕಿದೆ. ಕೊನೆಗೆ ಬೆಳೆದದ್ದು ರಾಜಗಿರಿ ಸೊಪ್ಪು. ಹುಳಿ ಮಾಡಿದೆವು.

ಎಲೆಚುಕ್ಕಿ
ನೀಲಿ ಪಿಯೋನಿ ಅಂತ ಜಗತ್ತಿನಲ್ಲೇ ಇಲ್ಲ ಸರ್. ಬಿಳಿ, ಗುಲಾಬಿ, ಕೆಂಪು, ಹವಳದ ಬಣ್ಣ, ಹಳದಿ ಇದೆ. ನೀಲಿ ಎಲ್ಲಾ ಕಂಪ್ಯೂಟರ್ ಬಣ್ಣ. ಮತ್ತೆ ನಿಜವಾದ ಪಿಯೋನಿ ಬೀಜ ಬಟಾಣಿಯಷ್ಟು ದಪ್ಪ ಇರುತ್ತದೆ, ಕಪ್ಪಗೆ ಹೊಳೆಯುತ್ತದೆ. ಅದು ಹುಟ್ಟಬೇಕಾದರೆ ಮೊದಲು ಬೆಚ್ಚಗೆ ಇದ್ದು ಬೇರು ಬಿಡಬೇಕು, ಆಮೇಲೆ ಚಳಿ ಕಂಡು ಚಿಗುರಬೇಕು. ಹೂ ನೋಡಲು ಇನ್ನೂ ನಾಲ್ಕೈದು ವರ್ಷ. ಬೀಜದ ದಾರಿ ಬೇಡವೇ ಬೇಡ.

ಮೆಣಸಿನ ಬಳ್ಳಿ
ನನ್ನ ಹತ್ತಿರ "ಪಿಯೋನಿ ಪಾಪಿ" ಅಂತ ಬೀಜದ ಪೊಟ್ಟಣ ಇದೆ, ಚಿತ್ರದಲ್ಲಿ ಹೂ ಥೇಟ್ ಹೀಗೇ ಇದೆ. ಅದು ಬೇಗ ಬರುತ್ತದೆ ಅಂತ ಬರೆದಿದ್ದಾರೆ. ಹಾಕಲಾ?

ರಿಟೈರ್ಡ್ ಫೌಜಿ, ಅರಸೀಕೆರೆ
ಹಾಕಬೇಡಿ! ಅದು ಗಸಗಸೆ ಗಿಡ, ಅಂದರೆ ಅಫೀಮಿನ ಗಿಡ. ಹೂ ಪಿಯೋನಿ ಥರ ಇರುತ್ತದೆ ಅಂತ ಆ ಹೆಸರು. ಲೈಸೆನ್ಸ್ ಇಲ್ಲದೆ ಅದನ್ನು ಬೆಳೆಯುವುದು 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆ ಪ್ರಕಾರ ಅಪರಾಧ. ಹೂವಿನ ಆಸೆಗೆ ಪೊಲೀಸ್ ಜೀಪು ತೋಟಕ್ಕೆ ಕರೆಸಿಕೊಳ್ಳಬೇಡಿ.

ಮೆಣಸಿನ ಬಳ್ಳಿ
ಅಯ್ಯೋ ದೇವರೇ. ಪೊಟ್ಟಣ ಈಗಲೇ ಒಲೆಗೆ ಹಾಕಿದೆ. ಗಸಗಸೆ ಪಾಯಸ ಮಾತ್ರ ಮಾಡಬಹುದು ತಾನೇ?

ಬೇಲೂರು ಬಸ್
ಪಾಯಸ ಕುಡಿದು ಮಧ್ಯಾಹ್ನ ಮಲಗಿದರೆ ಕೇಸ್ ಇಲ್ಲ 😂

ಗೋಣಿಬೀಡು ಅಕ್ಕ
ಎಲ್ಲರೂ ಎಲ್ಲೆಲ್ಲಿಗೋ ಹೋದಿರಿ! ನನ್ನ ಗೆಡ್ಡೆ ಸತ್ತಿದೆಯೋ ಇಲ್ಲವೋ ಅದನ್ನು ಹೇಳಿ.

ಎಲೆಚುಕ್ಕಿ
ಅಕ್ಕ, ಕುಂಡದ ಮಣ್ಣು ಮೆಲ್ಲಗೆ ಕೈಯಲ್ಲೇ ಬಿಡಿಸಿ ನೋಡಿ. ಕತ್ತಿ, ಗುದ್ದಲಿ ಬೇಡ. ಗೆಡ್ಡೆ ಗಟ್ಟಿಯಾಗಿದ್ದರೆ ಬದುಕಿದೆ. ಒತ್ತಿದರೆ ಮೆತ್ತಗೆ ಹೋಗಿ ವಾಸನೆ ಬಂದರೆ ಮುಗಿಯಿತು. ಮೇಲ್ಭಾಗದಲ್ಲಿ ಕೆಂಪು ಅಥವಾ ಬಿಳಿ ಮೊಳಕೆ ಮೊನೆ ಕಾಣಬೇಕು, ಅದೇ ಕಣ್ಣು. ಮೂರರಿಂದ ಐದು ಕಣ್ಣಿನ ಗೆಡ್ಡೆ ಒಳ್ಳೆಯದು. ಒಂದೇ ಕಣ್ಣಿದ್ದರೆ ಇನ್ನೂ ಎರಡು ಮೂರು ವರ್ಷ ಹೂವಿನ ಮಾತು ಆಡಬೇಡಿ.

ಮತ್ತೆ ಎಷ್ಟು ಆಳಕ್ಕೆ ನೆಟ್ಟಿದ್ರಿ?

ಗೋಣಿಬೀಡು ಅಕ್ಕ
ಒಂದು ಗೇಣು ಕೆಳಗೆ. ಡೇರೆ ಗೆಡ್ಡೆ ಹಾಕುವ ಹಾಗೇ ಹಾಕಿದೆ.

ಎಲೆಚುಕ್ಕಿ
ಅಲ್ಲೇ ಇನ್ನೊಂದು ತಪ್ಪು. ಪಿಯೋನಿ ಕಣ್ಣು ಆಳಕ್ಕೆ ಹೋದರೆ, ಹಿಮ ಬೀಳುವ ದೇಶದಲ್ಲೂ ಹೂ ಬಿಡುವುದಿಲ್ಲ. ಅಲ್ಲಿ ಕಣ್ಣಿನ ಮೇಲೆ ಹೆಚ್ಚೆಂದರೆ ಐದು ಸೆಂಟಿಮೀಟರ್ ಮಣ್ಣು. ಸೆಕೆ ಇರುವ ಕಡೆ ಎರಡು ಸೆಂಟಿಮೀಟರ್ ಸಾಕು, ಚಳಿ ಕಣ್ಣಿಗೆ ತಾಗಲಿ ಅಂತ.

ಸಕಲೇಶಪುರ ಮಂಜು
ಮಣ್ಣನ್ನೂ ನೋಡಿ. ನಮ್ಮ ಕಾಫಿ ತೋಟದ ಮಣ್ಣು ಹುಳಿ. ಪಿಯೋನಿಗೆ ಹುಳಿ ಇಷ್ಟ ಇಲ್ಲ, 6.5ರಿಂದ 7 ಪಿಎಚ್ ಇರಬೇಕು. ತೋಟಕ್ಕೆ ಹಾಕುವ ಸುಣ್ಣವನ್ನೇ ಕುಂಡದ ಮಣ್ಣಿಗೆ ಒಂದಿಷ್ಟು ಕಲಸಿ. ಕಾಲು ಭಾಗ ದಪ್ಪ ಮರಳು ಸೇರಿಸಿ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಜೂನ್ ಬರುತ್ತಿದ್ದ ಹಾಗೆ ಕುಂಡ ಜಗಲಿ ಮೇಲೆ, ಸೂರಿನ ಒಳಗೆ ಬರಬೇಕು. ನಿಮ್ಮ ಕಡೆಯ ಮಳೆಗೆ ಅಡಿಕೆಯೇ ಕೊಳೆಯುತ್ತದೆ, ಇದು ಯಾವ ಲೆಕ್ಕ?

ಎಲೆಚುಕ್ಕಿ
ಕಪ್ಪು ಕಲೆ, ದಂಟು ಬುಡದಲ್ಲಿ ಕೊಳೆ ಅಂದಿರಲ್ಲ, ಬೂದು ಬೂಷ್ಟು ರೋಗ ಇರಬಹುದು. ಪಿಯೋನಿಗೆ ಎಲ್ಲಾ ದೇಶದಲ್ಲೂ ಕಾಡುವ ರೋಗ ಅದು. ಕೊಳೆತ ಎಲೆ, ದಂಟು ಒಂದೂ ಬಿಡದೆ ಆರಿಸಿ ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಅಡಿಕೆಗೆ ಹೊಡೆಯುವ ಬೋರ್ಡೋ ಮನೆಯಲ್ಲಿ ಇರುತ್ತದಲ್ಲ? ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣದ ಅದೇ ಅಳತೆ. ಮಳೆಗೆ ಮುಂಚೆ ಎಳೆ ದಂಟಿನ ಬುಡಕ್ಕೆ ತೆಳ್ಳಗೆ ಸಿಂಪಡಿಸಿ.

ತೋಟದ ಮನೆ ಹುಡುಗ
ಇಷ್ಟೆಲ್ಲ ತಲೆನೋವು ಯಾಕೆ? ಮಗಳು ಬರುವಾಗ ಸೂಟ್‌ಕೇಸಿನಲ್ಲಿ ಹತ್ತು ಹೊಸ ಗೆಡ್ಡೆ ಹಾಕಿಕೊಂಡು ಬರಲಿ. ಬಟ್ಟೆ ನಡುವೆ ಸುತ್ತಿದರೆ ಯಾರಿಗೂ ಗೊತ್ತಾಗಲ್ಲ.

ಸಕಲೇಶಪುರ ಮಂಜು
ತೋಟದವರಾಗಿ ಈ ಮಾತು ಹೇಳುತ್ತೀರಲ್ಲ! ಹೊರದೇಶದಿಂದ ಗೆಡ್ಡೆ, ಗಿಡ ತರಲು ಮೊದಲೇ ಪರ್ಮಿಟ್ ಬೇಕು, ಆ ದೇಶದ ಸಸ್ಯ ಆರೋಗ್ಯ ಪತ್ರ ಬೇಕು. ಸುಮ್ನೆ ಮಾಡಿದ ರೂಲ್ಸ್ ಅಲ್ಲ ಅದು. ಕಾಫಿ ಕಾಯಿಕೊರಕ ಹುಳ ನಮ್ಮ ದೇಶದ್ದಲ್ಲ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಸಿಕ್ಕಿತು. ಈಗ ಯಾರ ತೋಟದಲ್ಲಿ ಇಲ್ಲ ಹೇಳಿ? ಪ್ರತಿ ಕುಯ್ಲಿನಲ್ಲೂ ಉದುರು ಕಾಯಿ ಹೆಕ್ಕಿಸಿ ಹೆಕ್ಕಿಸಿ ಸಾಕಾಗಿದೆ.

ತೋಟದ ಮನೆ ಹುಡುಗ
ಒಂದು ಹೂವಿನ ಗೆಡ್ಡೆಯಿಂದ ಅಷ್ಟೆಲ್ಲ ಆಗುತ್ತಾ?

ಸಕಲೇಶಪುರ ಮಂಜು
ಒಂದು ಕಾಫಿ ಕಾಯಿಂದ ಆಯ್ತಲ್ಲ.

ಗೋಣಿಬೀಡು ಅಕ್ಕ
ಜಗಳ ಬೇಡ. ಮಗಳಿಗೆ ನಾನೇ ಬೇಡ ಅಂದಿದ್ದೆ, ಅದಕ್ಕೇ ಹಿಮಾಚಲದಿಂದ ತರಿಸಿದ್ದು. ನಾಳೆ ಮಳೆ ಬಿಟ್ಟರೆ ಕುಂಡ ಬಿಡಿಸಿ ನೋಡುತ್ತೇನೆ.

ಕಾಫಿ ಡೇ ಅಲ್ಲ ಕಾಫಿ ನೈಟ್
ವಿಷಯ ಬೇರೆ, ಆದರೂ ಹೇಳುತ್ತೀನಿ. ನನ್ನ ಚಿಕ್ಕಮ್ಮನ ಮಗಳ ಮದುವೆ ಬೆಂಗಳೂರಿನಲ್ಲಿ. ಅವಳಿಗೆ ಮಂಟಪಕ್ಕೆ ಪಿಯೋನಿಯೇ ಬೇಕು. ಡೆಕೋರೇಷನ್‌ನವನು ಒಂದು ಹೂವಿಗೆ ಹೇಳಿದ ರೇಟಿಗೆ ನಮ್ಮ ಸಂತೆಯಲ್ಲಿ ಒಂದು ಬುಟ್ಟಿ ಸೇವಂತಿಗೆ ಬರುತ್ತದೆ. ಮದುವೆ ಇದ್ದದ್ದು ಫೆಬ್ರವರಿ. ಕೊನೆಗೆ ಬಂದದ್ದು ಬಟ್ಟೆಯ ಹೂ! ಅದಕ್ಕೂ ಬಾಡಿಗೆ. ಚಿಕ್ಕಪ್ಪ ಇವತ್ತಿಗೂ "ಬಟ್ಟೆ ಅಂಗಡಿಯಲ್ಲಿ ಹೂ ತಂದೆವು" ಅಂತ ಹೇಳಿಕೊಂಡು ನಗುತ್ತಾರೆ.

ಎಲೆಚುಕ್ಕಿ
ಫೆಬ್ರವರಿಯಲ್ಲಿ ಕೇಳಿದರೆ ಎಲ್ಲಿ ಸಿಗುತ್ತದೆ? ಹಾಲೆಂಡಿನ ಹೂ ಮೇ, ಜೂನ್‌ನಲ್ಲಿ. ನ್ಯೂಜಿಲೆಂಡ್, ಚಿಲಿಯದ್ದು ನವೆಂಬರ್, ಡಿಸೆಂಬರ್ ಹೊತ್ತಿಗೆ. ಮೊಗ್ಗು ಒತ್ತಿದರೆ ಇಡ್ಲಿ ಹಾಗೆ ಮೆತ್ತಗಾದಾಗ ಕೊಯ್ದು, ನೀರಿಲ್ಲದೆ ತಣ್ಣಗೆ ಇಟ್ಟು ಕಳಿಸುತ್ತಾರೆ. ಕಲ್ಲಿನಂತೆ ಗಟ್ಟಿ ಇರುವಾಗ ಕೊಯ್ದರೆ ಅರಳುವುದೇ ಇಲ್ಲ.

ಬೇಲೂರು ಬಸ್
ಪಿಯೋನಿ ಮೊಗ್ಗು ಅರಳಬೇಕಾದರೆ ಇರುವೆ ಬಂದು ಬಿಡಿಸಬೇಕು ಅಂತ ಎಲ್ಲೋ ಓದಿದ್ದೆ. ನಮ್ಮಲ್ಲಿ ಇರುವೆಗೆ ಬರ ಇಲ್ಲ. ಚಗಳಿ ಗೂಡು ಬೇಕಾದರೆ ಕೊರಿಯರ್ ಮಾಡುತ್ತೀನಿ.

ಎಲೆಚುಕ್ಕಿ
ಅದು ಬರೀ ಕಥೆ. ಮೊಗ್ಗಿನ ಹೊರಗೆ ಸಿಹಿ ರಸ ಒಸರುತ್ತದೆ, ಇರುವೆ ಅದನ್ನು ನೆಕ್ಕಲು ಬರುತ್ತದೆ. ಇರುವೆ ಇಲ್ಲದಿದ್ದರೂ ಹೂ ಅರಳುತ್ತದೆ. ಹೊಡೆದು ಓಡಿಸುವುದೂ ಬೇಡ. ಚಗಳಿ ನೀವೇ ಚಟ್ನಿ ಮಾಡಿಕೊಳ್ಳಿ.

ಗೋಣಿಬೀಡು ಅಕ್ಕ (ಆಗಸ್ಟ್ 9)
ಬಿಡಿಸಿ ನೋಡಿದೆ. ಒಂದು ಪೂರಾ ಹೋಗಿದೆ, ಕೊಳೆತ ಹಲಸಿನಕಾಯಿ ವಾಸನೆ. ಇನ್ನೊಂದು ಗಟ್ಟಿ ಇದೆ! ನಾಲ್ಕು ಕಣ್ಣು, ಎರಡು ಕೆಂಪಗಿದೆ. ನಾನು ಕುಣಿದದ್ದು ನೋಡಿ ಮನೆಯವರು ಕಾಫಿ ರೇಟ್ ಏರಿತಾ ಅಂತ ಕೇಳಿದರು.

ಈಗ ಮುಂದೇನು?

ಸಕಲೇಶಪುರ ಮಂಜು
ಇನ್ನು ಫ್ರಿಜ್ಜೇ ಗತಿ. ಕೆಳಗಿನ ತರಕಾರಿ ಡಬ್ಬಿಯಲ್ಲಿ ಸುಮಾರು ನಾಲ್ಕು ಡಿಗ್ರಿ ಇರುತ್ತದೆ. ಗೆಡ್ಡೆಯನ್ನು ಸಣ್ಣ ಕುಂಡದ ಸಮೇತ, ಮಣ್ಣು ತುಸು ಒದ್ದೆ ಇರುವ ಹಾಗೆ, ಆರರಿಂದ ಎಂಟು ವಾರ ಇಡಿ. ಐಸ್ ಕಟ್ಟುವ ಜಾಗದಲ್ಲಿ ಇಡಬೇಡಿ. ಜೊತೆಗೆ ಬಾಳೆಹಣ್ಣು, ಸೇಬು ಇಡಲೇಬೇಡಿ. ಹಣ್ಣಾಗುವಾಗ ಎಥಿಲೀನ್ ಅನಿಲ ಬಿಡುತ್ತವೆ, ಕಣ್ಣು ಹಾಳಾಗುತ್ತದೆ.

ಡಿಸೆಂಬರ್‌ನಲ್ಲಿ ಒಳಗೆ, ಫೆಬ್ರವರಿಯಲ್ಲಿ ಹೊರಗೆ. ಅಷ್ಟೇ.

ಎಲೆಚುಕ್ಕಿ
ಮಂಜು ಸರ್, ಫ್ರಿಜ್ ಸರಿ, ತಿಂಗಳು ತಪ್ಪು. ಫೆಬ್ರವರಿಯಲ್ಲಿ ಹೊರಗೆ ತೆಗೆದರೆ ಮೊಗ್ಗು ಬರುವ ಹೊತ್ತಿಗೆ ಏಪ್ರಿಲ್ ಬಿಸಿಲು. ಮೊಗ್ಗು ಸುಟ್ಟು ಒಣಗುತ್ತದೆ. ಪಿಯೋನಿಗೆ ಮಲಗುವಾಗ ಚಳಿ ಬೇಕು, ಎದ್ದ ಮೇಲೂ ತಂಪಾದ ಹವೆ ಬೇಕು. ನಮ್ಮಲ್ಲಿ ಅಂಥ ಹವೆ ಇರುವುದೇ ಡಿಸೆಂಬರ್, ಜನವರಿ. ಅದನ್ನು ಫ್ರಿಜ್ ಒಳಗೆ ಕಳೆಯುವುದು ಯಾಕೆ? ಅಕ್ಟೋಬರ್ ಮೊದಲ ವಾರ ಒಳಗೆ ಇಡಿ, ಡಿಸೆಂಬರ್ ಮೊದಲ ವಾರ ಹೊರಗೆ ತೆಗೆಯಿರಿ. ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ಸಿಲ್ವರ್ ಓಕ್ ನೆರಳು ಬರುವ ಜಾಗ ನೋಡಿ ಇಡಿ.

ಸಕಲೇಶಪುರ ಮಂಜು
ಹ್ಮ್. ಇದು ಸರಿ ಅನಿಸುತ್ತಿದೆ. ನಾನು ಹೊರದೇಶದ ಕ್ಯಾಲೆಂಡರ್ ನೋಡಿ ಹೇಳಿಬಿಟ್ಟೆ.

ರಿಟೈರ್ಡ್ ಫೌಜಿ, ಅರಸೀಕೆರೆ
ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಈ ವೇದಿಕೆಯಲ್ಲಿ ಒಬ್ಬರು ತಪ್ಪು ಒಪ್ಪಿಕೊಂಡರು.

ಕಾಫಿ ಡೇ ಅಲ್ಲ ಕಾಫಿ ನೈಟ್
ದ್ರಾಕ್ಷಿ ಗೊಂಚಲು ಅದ್ದುತ್ತಾರಲ್ಲ, ಜಿಎ ಔಷಧಿ, ಅದನ್ನು ಪಿಯೋನಿಗೂ ಹಾಕಿದರೆ ಬೇಗ ಏಳುತ್ತದಂತೆ ಹೌದಾ? ವಿಜಯಪುರದ ನೆಂಟರ ಹತ್ತಿರ ಸಿಗುತ್ತದೆ.

ಎಲೆಚುಕ್ಕಿ
ಹೌದು, ಜಿಎ ಅಂದರೆ ಜಿಬ್ಬರೆಲಿಕ್ ಆಮ್ಲ, ಗಿಡ ಬೆಳೆಸುವ ಹಾರ್ಮೋನು. ಇಸ್ರೇಲಿನಲ್ಲಿ ಹೂ ಬೆಳೆಯುವವರು ಅದನ್ನು ಬಳಸುತ್ತಾರೆ. ಆದರೆ ಅವರೂ ಚಳಿ ಕೊಟ್ಟ ಮೇಲೇ ಹಾಕುವುದು, ಚಳಿಯ ಬದಲಿಗೆ ಅಲ್ಲ. ಅಕ್ಕನ ಹತ್ತಿರ ಇರುವುದು ಒಂದೇ ಗೆಡ್ಡೆ. ಅದರ ಮೇಲೆ ಪ್ರಯೋಗ ಬೇಡ.

ಮೂವತ್ತು ನಲವತ್ತು ಸೈಟು
ಹೊಸದಾಗಿ ತರಿಸುವುದಾದರೆ ಯಾವ ತಳಿ ಒಳ್ಳೆಯದು?

ಎಲೆಚುಕ್ಕಿ
ಎಲ್ಲರೂ ಕೇಳುವುದು ಸಾರಾ ಬರ್ನಾರ್ಟ್, ಗುಲಾಬಿ ಬಣ್ಣ, 1906ರ ಫ್ರಾನ್ಸ್ ತಳಿ. ಮಾರುಕಟ್ಟೆಯ ರಾಣಿ. ಆದರೆ ತಡವಾಗಿ ಹೂ ಬಿಡುತ್ತದೆ, ಅಷ್ಟರಲ್ಲಿ ನಮ್ಮಲ್ಲಿ ಸೆಕೆ ಶುರು. ಬೇಗ ಹೂ ಬಿಡುವುದು ನೋಡಿ. ಹವಳದ ಬಣ್ಣದ ಕೋರಲ್ ಚಾರ್ಮ್ ಇದೆ. ಬಿಳಿ ಬೇಕಾದರೆ ಫೆಸ್ಟಿವಾ ಮ್ಯಾಕ್ಸಿಮಾ, ಅದು 1851ರದ್ದು. ಇಷ್ಟು ವರ್ಷ ಆದರೂ ಅಂಗಡಿಯಲ್ಲಿ ಉಳಿದಿದೆ ಅಂದರೆ ಗಟ್ಟಿ ಗಿಡ ಅಂತಲೇ ಅರ್ಥ.

ಇದೆಲ್ಲ ಹೇಳಿದ ಮೇಲೆ ಇನ್ನೊಂದು ಮಾತು. ಫ್ರಿಜ್ಜಿನಲ್ಲಿ ಮಲಗಿಸಿದ ಗೆಡ್ಡೆ ವರ್ಷ ವರ್ಷ ಸೊರಗುತ್ತದೆ. ತಂಪು ದೇಶದಲ್ಲಿ ಒಂದೇ ಜಾಗದಲ್ಲಿ ಐವತ್ತು ವರ್ಷ ಬದುಕುವ ಗಿಡ ಇದು, ಕಿತ್ತು ಕಿತ್ತು ಜಾಗ ಬದಲಿಸಿದರೆ ಮುನಿಸಿಕೊಳ್ಳುತ್ತದೆ. ಒಂದು ಹೂ ನೋಡಿದಿರಿ ಅಂದರೆ ನೀವು ಗೆದ್ದ ಹಾಗೆ. ಹೂವಿನ ಬೆಳೆ ಅಂತ ನಂಬಬೇಡಿ.

ಡೇರೆ ಅಜ್ಜಿ ಮೊಮ್ಮಗಳು
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಅಕ್ಕನ ಅತ್ತೆಯ ಡೇರೆ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? ಡೇರೆಯೂ ಹೊರಗಿನಿಂದ ಬಂದದ್ದೇ, ಮೆಕ್ಸಿಕೋದ ಬೆಟ್ಟದ ಗಿಡ. ಆದರೆ ಮಲೆನಾಡಿಗೆ ಎಷ್ಟು ಒಗ್ಗಿದೆ ಅಂದರೆ ನಮ್ಮಜ್ಜಿಗೆ ಹೇಳಿದರೆ ನಂಬುವುದೇ ಇಲ್ಲ. ಮೇ ತಿಂಗಳ ಮೊದಲ ಮಳೆಗೆ ಅದೇ ಚಿಗುರುತ್ತದೆ, ಗೌರಿ ಹಬ್ಬಕ್ಕೆ ಅದೇ ಹೂ ಕೊಡುತ್ತದೆ. ಫ್ರಿಜ್ ಬೇಡ, ಪಿಎಚ್ ಬೇಡ. ಒಂದು ಕೋಲು ಊರಿ ಕಟ್ಟಿದರೆ ಸಾಕು.

ಗೊತ್ತಾ, ಡೇರೆಯಲ್ಲೇ ಪಿಯೋನಿ ಗುಂಪು ಅಂತ ಒಂದು ಬಗೆ ಇದೆ. ಎರಡು ಮೂರು ಸುತ್ತು ಎಸಳು, ನಡುವೆ ತೆರೆದ ಹಳದಿ ಕಣ್ಣು. ಅಕ್ಕ, ನಿಮ್ಮತ್ತೆಯ ಹತ್ತಿರ ಯಾವ ಯಾವ ಬಣ್ಣ ಇದೆ?

ಗೋಣಿಬೀಡು ಅಕ್ಕ
ಹದಿನಾಲ್ಕು ಬಣ್ಣ. ಒಂದೊಂದೂ ಯಾರ ಮನೆಯಿಂದ ಬಂತು ಅಂತ ಹೇಳುತ್ತಾರೆ. ತವರಿನದು, ನಾದಿನಿ ಮನೆಯದು, ಕೊಪ್ಪದ ಮದುವೆಗೆ ಹೋದಾಗ ಸೆರಗಿನಲ್ಲಿ ಕಟ್ಟಿ ತಂದದ್ದು. ಅವರ ಪರ್ಮಿಟ್ ಯಾರೂ ಕೇಳಿಲ್ಲ 😄

ಡೇರೆ ಅಜ್ಜಿ ಮೊಮ್ಮಗಳು
ಕೊಪ್ಪದ್ದು ಅಂದರೆ ಕಡು ಕೆಂಪು, ಎಸಳ ತುದಿ ಬಿಳಿ ಇರುವುದಾ? ನಮ್ಮಜ್ಜಿ ಹತ್ತಿರ ಇತ್ತು, ಮೂರು ವರ್ಷದ ಹಿಂದೆ ಕಾಡುಹಂದಿ ಎಲ್ಲಾ ಅಗೆದು ತಿಂದಿತು. ಒಂದು ಗೆಡ್ಡೆ ಕೊಡುತ್ತೀರಾ ಅಕ್ಕ? ಬದಲಿಗೆ ಹಳದಿ ಕೊಡುತ್ತೀನಿ.

ಮೆಣಸಿನ ಬಳ್ಳಿ
ನನಗೂ ಒಂದು.

ಗೋಣಿಬೀಡು ಅಕ್ಕ (ಅಕ್ಟೋಬರ್ 6)
ಸುದ್ದಿ: ಗೆಡ್ಡೆ ಇವತ್ತು ಫ್ರಿಜ್ ಒಳಗೆ ಹೋಯಿತು. ತರಕಾರಿ ಡಬ್ಬಿ ಖಾಲಿ ಮಾಡಿದ್ದಕ್ಕೆ ಮನೆಯವರಿಗೆ ಸಿಟ್ಟು. ಅತ್ತೆ ಮಾತ್ರ ಬಂದು ಬಾಗಿಲು ತೆಗೆದು ನೋಡಿ, "ಪಾಪ, ಅದಕ್ಕೂ ತವರಿನ ಚಳಿ ಬೇಕಲ್ಲ" ಅಂದರು. ಆಮೇಲೆ ಬಾಳೆಹಣ್ಣನ್ನು ತಾವೇ ಎತ್ತಿ ಹೊರಗೆ ಇಟ್ಟರು. ನಾನು ಹೇಳಿರಲೇ ಇಲ್ಲ, ಈ ಚರ್ಚೆ ಮೊಮ್ಮಗ ಓದಿ ಹೇಳಿದ್ದನಂತೆ.

ಡೇರೆ ಕೇಳಿದವರಿಗೆ: ಗಿಡ ಒಣಗಿದ ಮೇಲೆ ಗೆಡ್ಡೆ ಕಿತ್ತು ಬೂದಿ ಸವರಿ ಇಡುತ್ತಾರಂತೆ. ಮೇ ಒಳಗೆ ಬಂದು ತೆಗೆದುಕೊಂಡು ಹೋಗಿ. ಹಳದಿ ಮರೆಯಬೇಡಿ, ಅತ್ತೆ ಎರಡು ಸಲ ಕೇಳಿದರು.

ಬೇಲೂರು ಬಸ್
ಪಿಯೋನಿ ಕಥೆ ಡಿಸೆಂಬರ್‌ನಲ್ಲಿ ಮುಂದುವರಿಸಿ ಅಕ್ಕ. ಕರೆಂಟ್ ಹೋದರೆ ಯುಪಿಎಸ್ ಫ್ರಿಜ್ಜಿಗೆ ಕೊಡಿ, ಟಿವಿಗೆ ಬೇಡ.

ಗೋಣಿಬೀಡು ಅಕ್ಕ
ಕರೆಂಟ್ ಹೋಗಿ ಈಗ ಅರ್ಧ ಗಂಟೆ ಆಯ್ತು. ಬಾಗಿಲು ತೆಗೆಯದೆ ಕೂತಿದ್ದೀವಿ.